ಮಕ್ಕಳು ಕಟ್ಟಿದ ದುಭಾಷಿ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಂಪ್ಯೂಟರಿನ ವಿಷಯ ಮಾತನಾಡಲು ಉರ್ದು-ಕನ್ನಡ ಕಲಿಸುವವಳನ್ನು ಯಾಕೆ ಕರೆದರು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನನಗೂ ಮೊದಲು ಹಾಗೇ ಅನ್ನಿಸಿತು. ನಾನು ಓದಿದ್ದು ಬಿ.ಎ., ಆಮೇಲೆ ಬಿ.ಎಡ್. ಗಣಿತದಲ್ಲಿ ಎಂದೂ ಮುಂದಿದ್ದವಳಲ್ಲ. ಆದರೆ ಕಳೆದ ಬೇಸಿಗೆ ರಜೆಯಲ್ಲಿ ಮಕ್ಕಳ ಜೊತೆ ಸೇರಿ ನಾನು ಒಂದು ಕೆಲಸ ಮಾಡಿದೆ. ನಮ್ಮದೇ ಒಂದು ಪುಟ್ಟ ಕಂಪ್ಯೂಟರ್ ಭಾಷೆ ಕಟ್ಟಿ, ಅದರಲ್ಲಿ ಒಂದು ಸಾಲು ಬರೆದ ಕೂಡಲೇ ಉತ್ತರ ಕೊಡುವ ಇಂಟರ್‌ಪ್ರಿಟರ್ ಒಂದನ್ನು ತಯಾರಿಸಿದೆವು. ಅದರಲ್ಲಿ ನಾವು ಎಡವಿದ್ದು ಎಲ್ಲಿ, ಎದ್ದದ್ದು ಹೇಗೆ ಎಂಬುದನ್ನು ನಿಮ್ಮ ಮುಂದೆ ಇಡಬೇಕು ಎಂದು ಬಂದಿದ್ದೇನೆ.

ಇಂಟರ್‌ಪ್ರಿಟರ್ ಎಂದರೆ ದುಭಾಷಿ. ನಾನು ಆರನೇ ತರಗತಿಯಲ್ಲಿದ್ದಾಗ ನಮ್ಮ ದಾದಿಯ ದುಭಾಷಿಯಾಗಿದ್ದೆ. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಪಿಂಚಣಿಯ ಕಚೇರಿಯ ಗುಮಾಸ್ತರಿಗೆ ಉರ್ದು ಬರುತ್ತಿರಲಿಲ್ಲ. ದಾದಿ ಒಂದು ಮಾತು ಹೇಳಬೇಕು, ನಾನು ಅದನ್ನು ಕನ್ನಡದಲ್ಲಿ ದಾಟಿಸಬೇಕು, ಗುಮಾಸ್ತರ ಉತ್ತರವನ್ನು ವಾಪಸ್ ತರಬೇಕು, ದಾದಿಯ ಮುಂದಿನ ಮಾತಿಗೆ ಕಾಯಬೇಕು. ಒಮ್ಮೊಮ್ಮೆ ದಾದಿ ಹೇಳಿದ್ದು ನನಗೇ ಅರ್ಥವಾಗುತ್ತಿರಲಿಲ್ಲ. ಆಗ ನಾನು ಕಚೇರಿ ಬಿಟ್ಟು ಓಡಿಹೋಗುತ್ತಿರಲಿಲ್ಲ, "ಕ್ಯಾ ಬೋಲೇ ದಾದಿ?" ಎಂದು ಮತ್ತೆ ಕೇಳುತ್ತಿದ್ದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಂಪ್ಯೂಟರ್‌ಗಳು ಮೊದಮೊದಲು ಹೀಗೆ ಎದುರುಬದುರು ಕೂತು ಮಾತನಾಡುತ್ತಿರಲಿಲ್ಲ. ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು, ಆ ಕಟ್ಟನ್ನು ಯಂತ್ರದ ಕೋಣೆಯವರ ಕೈಗೆ ಕೊಟ್ಟು, ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನದವರೆಗೂ ಕಾಯಬೇಕಿತ್ತು. ಒಂದು ಅಲ್ಪವಿರಾಮ ತಪ್ಪಿದ್ದರೆ ಮತ್ತೆ ಮೊದಲಿನಿಂದ. 1960ರ ದಶಕದಲ್ಲಿ ಇದು ಬದಲಾಯಿತು. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಕ್ಲಿಫ್ ಷಾ ಎಂಬವರು 1963ರಲ್ಲಿ ಜಾಸ್ ಎಂಬ ವ್ಯವಸ್ಥೆಯನ್ನು ಬಳಕೆಗೆ ತಂದರು. ಕಂಪ್ಯೂಟರ್ ಕಲಿಯದ ವಿಜ್ಞಾನಿಗಳೂ ಟೈಪ್ ಮಾಡಿ ಲೆಕ್ಕ ಕೇಳಬಹುದಾಗಿತ್ತು. ಬರೆದದ್ದು ಅರ್ಥವಾಗದಿದ್ದರೆ ಅದು "ಎಹ್?" ಎಂದು ಕೇಳುತ್ತಿತ್ತು. ಕಿವಿ ಮಂದವಾದ ಹಿರಿಯರು "ಆಂ?" ಎನ್ನುವುದಿಲ್ಲವೇ, ಹಾಗೆ. ಜಾನ್ ಮೆಕಾರ್ಥಿ ಅವರ ಲಿಸ್ಪ್ ಭಾಷೆಯನ್ನು ಪಿಡಿಪಿ-1 ಎಂಬ ಯಂತ್ರದ ಮೇಲೆ ಕೂರಿಸಿದ ವರದಿ 1964ರಲ್ಲಿ ಬಂತು. ಅದನ್ನು ಬರೆದ ಇಬ್ಬರಲ್ಲಿ ಒಬ್ಬನಾದ ಪೀಟರ್ ಡಾಯ್ಚ್‌ಗೆ ಆಗ ಹದಿನೆಂಟು ತುಂಬಿರಲಿಲ್ಲ. ಪಿ.ಯು.ಸಿ. ಓದುವ ಹುಡುಗರೇ, ನಿಮ್ಮ ವಯಸ್ಸು! ಓದು, ಲೆಕ್ಕ ಹಾಕು, ಹೇಳು, ಮತ್ತೆ ಮೊದಲಿಗೆ ಬಾ ಎಂಬ ನಾಲ್ಕು ಹೆಜ್ಜೆಯ ಸುತ್ತನ್ನು ಈಗ ಇಂಗ್ಲಿಷ್ ಮೊದಲಕ್ಷರಗಳಿಂದ 'ರೆಪ್ಲ್' ಎನ್ನುತ್ತಾರೆ. ನೀವು ಪೈಥಾನ್ ತೆರೆದಾಗ ಕಾಣುವ ಮೂರು ಬಾಣದ ಗುರುತು ಕೂಡ ಅದೇ ಸುತ್ತಿನ ಬಾಗಿಲು.

ನಾವು ಶುರುಮಾಡಿದ್ದು ಕಂಪ್ಯೂಟರ್ ಇಲ್ಲದೆ. ಮೊದಲ ಎರಡು ದಿನ ಕರೆಂಟ್ ಇರಲಿಲ್ಲ ಎಂಬುದೂ ನಿಜ. ನಾಲ್ಕು ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. ಒಬ್ಬ ಚೀಟಿ ಓದಿ ಪದಗಳನ್ನು ಬಿಡಿಸಬೇಕು. ಇನ್ನೊಬ್ಬ ಆ ಪದ ಹೇಳಿದ ಕೆಲಸ ಮಾಡಬೇಕು. ಮೂರನೆಯವಳು ಉತ್ತರ ಕೂಗಬೇಕು. ನಾಲ್ಕನೆಯವನ ಕೆಲಸ "ಮುಂದಿನ ಚೀಟಿ!" ಎನ್ನುವುದು ಮಾತ್ರ. ಇದು ತೀರಾ ಸುಲಭ ಎಂದು ಅವನಿಗೆ ಬೇಸರವಾಗಿತ್ತು. ಕೊನೆಗೆ ಎಲ್ಲರಿಗಿಂತ ಮುಖ್ಯ ಕೆಲಸ ಅವನದ್ದೇ ಎಂದು ಗೊತ್ತಾಯಿತು.

ಚೀಟಿಯಲ್ಲಿ ಏನು ಬರೆಯಬೇಕು? ಇಲ್ಲಿ ಭಾಷಾ ಶಿಕ್ಷಕಿಯ ತಲೆ ಸ್ವಲ್ಪ ಉಪಯೋಗಕ್ಕೆ ಬಂತು. ಇಂಗ್ಲಿಷಿನವರು ಕ್ರಿಯಾಪದವನ್ನು ಮೊದಲು ಹೇಳುತ್ತಾರೆ. ನಾವು ಕನ್ನಡದಲ್ಲಿ "ಮೂರಕ್ಕೆ ನಾಲ್ಕು ಕೂಡಿಸು" ಎನ್ನುತ್ತೇವೆ, ಉರ್ದುವಿನಲ್ಲಿ "ತೀನ್ ಮೇಂ ಚಾರ್ ಜೋಡೋ" ಎನ್ನುತ್ತೇವೆ. ನಮ್ಮ ಎರಡೂ ಭಾಷೆಗಳಲ್ಲಿ ಕೆಲಸದ ಮಾತು ಕೊನೆಗೆ ಬರುತ್ತದೆ. ಹಾಗಿದ್ದ ಮೇಲೆ ನಮ್ಮ ಯಂತ್ರದ ಭಾಷೆಯೂ ಹಾಗೇ ಇರಲಿ ಎಂದುಕೊಂಡೆವು. ಹುಡುಕಿ ನೋಡಿದರೆ ಇಂಥ ಭಾಷೆ ಆಗಲೇ ಇತ್ತು. ಚಾರ್ಲ್ಸ್ ಮೂರ್ ಎಂಬ ಅಮೆರಿಕದ ತಂತ್ರಜ್ಞರು 1970ರ ಸುಮಾರಿಗೆ ರೂಪಿಸಿದ ಫೋರ್ತ್ ಭಾಷೆಯಲ್ಲಿ ಅಂಕಿ ಮೊದಲು, ಕೆಲಸ ಆಮೇಲೆ. ಕಿಟ್ ಪೀಕ್ ಬೆಟ್ಟದ ರೇಡಿಯೋ ದೂರದರ್ಶಕವನ್ನು ನಡೆಸಲು ಅದನ್ನು ಬಳಸಿದ್ದರು. ಒಂದು ಸಾಲು ಮುಗಿದರೆ ಅದು "ಓಕೆ" ಎನ್ನುತ್ತದೆ, ಅಷ್ಟೇ. ನಮಗೆ ಅದರ ಮಿತಭಾಷೆ ಇಷ್ಟವಾಯಿತು.

ಹೀಗೆ ನಮ್ಮ ಮೊದಲ ಸಾಲು ಹುಟ್ಟಿತು:

3 4 ಕೂಡಿಸು ತೋರಿಸು

ಇದನ್ನು ನಡೆಸುವುದು ಹೇಗೆಂದರೆ, ಮೇಜಿನ ಮೇಲೆ ನೋಟ್‌ಬುಕ್‌ಗಳ ಅಟ್ಟಿ ಇದೆ ಎಂದುಕೊಳ್ಳಿ. ಅಂಕಿ ಬಂದರೆ ಒಂದು ಚೀಟಿಯಲ್ಲಿ ಬರೆದು ಅಟ್ಟಿಯ ಮೇಲೆ ಇಡಬೇಕು. 'ಕೂಡಿಸು' ಬಂದರೆ ಮೇಲಿನ ಎರಡು ಚೀಟಿ ತೆಗೆದು, ಕೂಡಿಸಿ, ಉತ್ತರವನ್ನು ಮತ್ತೆ ಅಟ್ಟಿಯ ಮೇಲೆ ಇಡಬೇಕು. 'ತೋರಿಸು' ಬಂದರೆ ಮೇಲಿನ ಚೀಟಿ ತೆಗೆದು ಓದಬೇಕು. ಅಷ್ಟೇ ನಿಯಮ. "12 3 ಕಳೆ" ಎಂದಾಗ ಮಕ್ಕಳು ಒಂಬತ್ತರ ಬದಲು ಋಣ ಒಂಬತ್ತು ಎಂದರು. ಮೇಲಿನ ಚೀಟಿ ಮೊದಲು ಕೈಗೆ ಬರುವುದರಿಂದ ಹನ್ನೆರಡರಿಂದ ಕಳೆಯುವ ಬದಲು ಮೂರರಿಂದ ಕಳೆದುಬಿಟ್ಟಿದ್ದರು. ಪೈಥಾನಿನಲ್ಲಿ ಬರೆದಾಗ ನಾನೂ ಅದೇ ತಪ್ಪು ಮಾಡಿದೆ. ಮಕ್ಕಳೇ ಹಿಡಿದರು.

ಕರೆಂಟ್ ಬಂದ ಮೇಲೆ ಬರೆದ ಪ್ರೋಗ್ರಾಂ ಸುಮಾರು ಅರವತ್ತು ಸಾಲಿನದ್ದು. ಪೈಥಾನ್ ಕಲಿತ ಹೈಸ್ಕೂಲ್ ವಿದ್ಯಾರ್ಥಿ ಇದನ್ನು ಒಂದು ವಾರದಲ್ಲಿ ಬರೆಯಬಹುದು. ಇನ್‌ಪುಟ್‌ನಿಂದ ಒಂದು ಸಾಲು ಪಡೆಯಿರಿ. ಖಾಲಿ ಜಾಗ ಇರುವಲ್ಲೆಲ್ಲ ಅದನ್ನು ತುಂಡು ಮಾಡಿ. ಪ್ರತಿ ತುಂಡೂ ಅಂಕಿಯೇ, ಗೊತ್ತಿರುವ ಪದವೇ ಎಂದು ನೋಡಿ. ಇದೆಲ್ಲವನ್ನೂ 'ವೈಲ್' ಸುತ್ತಿನೊಳಗೆ ಇಡಿ. 'ಸಾಕು' ಎಂಬ ಪದ ಬಂದಾಗ ಮಾತ್ರ ಸುತ್ತಿನಿಂದ ಹೊರಗೆ ಬನ್ನಿ. ಯಂತ್ರ ಕಾಯುತ್ತಿದೆ ಎಂದು ತೋರಿಸಲು ಸಾಲಿನ ಮೊದಲಿಗೆ ಏನು ಬರಬೇಕು ಎಂಬುದರ ಮೇಲೆ ಅರ್ಧ ಗಂಟೆ ಜಗಳವಾಯಿತು. ಒಬ್ಬ "ಫರ್ಮಾಯಿಯೇ" ಎಂದ, ಎಲ್ಲರೂ ನಕ್ಕರು. ಕೊನೆಗೆ "ಹೇಳಿ:" ಎಂದು ಇಟ್ಟೆವು. ಬಹುವಚನ ಇರಲಿ ಎಂದು ನಾನು ಹಟ ಹಿಡಿದೆ.

ಒಂದು ಆಶ್ಚರ್ಯ ಹೇಳಬೇಕು. ಒಬ್ಬ ಹಿರಿಯರು ಬಂದು ನೋಡಿ, ಅಂಕಿಗಳನ್ನು ಕನ್ನಡದಲ್ಲೇ ೧೨ ಎಂದು ಬರೆದರು. ಕೆಡುತ್ತದೆ ಎಂದುಕೊಂಡೆ, ಕೆಡಲಿಲ್ಲ. ಅಕ್ಷರವನ್ನು ಅಂಕಿಯಾಗಿ ಬದಲಿಸುವ ಪೈಥಾನಿನ 'ಇಂಟ್' ಕನ್ನಡ ಅಂಕಿಗಳನ್ನೂ ಒಪ್ಪುತ್ತದೆ. ಅದಕ್ಕಾಗಿ ನಾವು ಒಂದಕ್ಷರವನ್ನೂ ಬರೆದಿರಲಿಲ್ಲ.

ಅದಾದ ಮೇಲೆ ಮಕ್ಕಳು ಹೊಸ ಪದ ಸೇರಿಸುವ ದಾರಿ ಕೇಳಿದರು. ಫೋರ್ತ್‌ನಲ್ಲಿ ಪದಗಳ ಪಟ್ಟಿಗೆ ನಿಘಂಟು ಎಂದೇ ಹೆಸರು. ನಿಘಂಟಿನಲ್ಲಿ ನಾವು ಹೇಗೆ ಅರ್ಥ ಹೇಳುತ್ತೇವೆ? "ಇಂಥದ್ದು ಎಂದರೆ ಇಂಥದ್ದು". ಸಾಲಿನ ಎರಡನೆಯ ಪದ 'ಎಂದರೆ' ಆಗಿದ್ದರೆ, ಮೊದಲ ಪದದ ಹೆಸರಿನಲ್ಲಿ ಉಳಿದದ್ದನ್ನೆಲ್ಲ ಬರೆದಿಟ್ಟುಕೋ ಎಂದು ಯಂತ್ರಕ್ಕೆ ಹೇಳಿದೆವು. ಆ ಪದ ಮುಂದೆ ಬಂದಾಗ ಬರೆದಿಟ್ಟದ್ದನ್ನು ನಡೆಸು, ಅಷ್ಟೇ. ಐದು ಸಾಲಿನ ಕೆಲಸ.

ಝಕಾತ್ ಎಂದರೆ 40 ಭಾಗಿಸು
80000 ಝಕಾತ್ ತೋರಿಸು

ಉತ್ತರ 2000 ಬಂತು. (ಮೊದಲು 2000.0 ಎಂದು ಬಂದು, ಚುಕ್ಕಿಯ ಮುಂದಿನ ಸೊನ್ನೆ ಯಾಕೆ ಎಂದು ಪ್ರಶ್ನೆ ಎದ್ದಿತು, ಅದನ್ನು ಸರಿಪಡಿಸಿದೆವು.) ನಲವತ್ತನೆಯ ಒಂದು ಭಾಗ ಎಂಬ ಲೆಕ್ಕ ಮಾತ್ರ ಯಂತ್ರಕ್ಕೆ ಗೊತ್ತು. ಹಣ ನಿಸಾಬ್ ಮುಟ್ಟಿದೆಯೇ, ವರ್ಷ ತುಂಬಿದೆಯೇ ಎಂಬುದನ್ನು ಆಲಿಮರನ್ನೇ ಕೇಳಬೇಕು ಎಂದು ಮಕ್ಕಳಿಗೆ ಹೇಳಿದ್ದೇನೆ. ನಮ್ಮ ಸಮಾರಂಭಗಳಲ್ಲಿ ಅಲ್ಗಾರಿದಂ ಎಂಬ ಪದ ಅಲ್-ಖ್ವಾರಿಜ್ಮಿ ಅವರ ಹೆಸರಿನಿಂದ ಬಂತು ಎಂದು ಹೇಳಿ ಚಪ್ಪಾಳೆ ತಟ್ಟುತ್ತೇವೆ, ಅಲ್ಲಿಗೆ ನಿಲ್ಲಿಸುತ್ತೇವೆ. 9ನೇ ಶತಮಾನದ ಬಾಗ್ದಾದಿನಲ್ಲಿ ಅವರು ಬರೆದ ಬೀಜಗಣಿತದ ಗ್ರಂಥದ ದೊಡ್ಡ ಭಾಗ ವಾರಸು ಹಂಚಿಕೆಯ ಲೆಕ್ಕಕ್ಕೇ ಮೀಸಲು ಎಂಬುದನ್ನು ಹೇಳುವವರು ಕಡಿಮೆ. ಮನೆಯ ಲೆಕ್ಕದಿಂದ ಶುರುಮಾಡಿದರೆ ಅದು ಸಣ್ಣ ಕೆಲಸವೇನಲ್ಲ.

ಮನೆಯ ಲೆಕ್ಕ ಎಂದಾಗ ಒಬ್ಬ ಹುಡುಗಿಯ ವಿಷಯ ಬರುತ್ತದೆ. ಎಂಟನೇ ತರಗತಿ. ವರ್ಷಪೂರ್ತಿ ತರಗತಿಯಲ್ಲಿ ಕೈ ಎತ್ತಿದವಳಲ್ಲ. ತಂದೆಗೆ ಚಿಕ್ಕ ಕಿರಾಣಿ ಅಂಗಡಿ. ಅವಳು ಯಾರನ್ನೂ ಕೇಳದೆ ಒಂದು ಮಧ್ಯಾಹ್ನ ಕೂತು, "ಅಕ್ಕಿ ಎಂದರೆ 52 ಗುಣಿಸು", "ಎಣ್ಣೆ ಎಂದರೆ 140 ಗುಣಿಸು" ಎಂದು ಅಂಗಡಿಯ ದರಗಳನ್ನೆಲ್ಲ ಪದಗಳಾಗಿ ಬರೆದಳು. ಆಮೇಲೆ ಹೀಗೆ ಕೇಳಿದಳು:

5 ಅಕ್ಕಿ 2 ಎಣ್ಣೆ ಕೂಡಿಸು ತೋರಿಸು

540 ಎಂದು ಬಂತು. ಐದು ಕಿಲೋ ಅಕ್ಕಿ, ಎರಡು ಲೀಟರ್ ಎಣ್ಣೆ. ಇದು ನನಗೆ ಹೊಳೆದಿರಲಿಲ್ಲ. ಭಾಷೆ ಕಟ್ಟಿದವರು ನಾವು, ಅದರಲ್ಲಿ ಮೊದಲ ನಿಜವಾದ ವಾಕ್ಯ ಬರೆದವಳು ಅವಳು. ಅವಳ ಮುಂದಿನ ಸಾಲಿನಲ್ಲಿ 'ಸಕ್ಕರೆ' ಎಂಬ ಪದ ಇತ್ತು. ಅದರ ದರ ಬರೆಯಲು ಮರೆತಿದ್ದಳು. ಕೆಂಪು ಅಕ್ಷರದಲ್ಲಿ ಏಳೆಂಟು ಸಾಲು ಇಂಗ್ಲಿಷ್ ಬಂದು ಪ್ರೋಗ್ರಾಂ ನಿಂತುಹೋಯಿತು. ಅವಳು ಬರೆದ ಪದಗಳೆಲ್ಲ ಅದರ ಜೊತೆಗೇ ಹೋದವು. ಅವಳು ಏನೂ ಹೇಳಲಿಲ್ಲ. ದುಪಟ್ಟಾ ಸರಿಮಾಡಿಕೊಂಡು ಹೊರಟಳು. ಮುಂದಿನ ಎರಡು ವಾರ ಬರಲಿಲ್ಲ.

ಜ್ವರ ಇರಬಹುದು ಎಂದುಕೊಂಡೆ. ಅವಳ ಗೆಳತಿ ಹೇಳಿದಳು: "ಟೀಚರ್, ಅವಳು ಕಂಪ್ಯೂಟರ್ ಕೆಡಿಸಿದೆ ಅಂದ್ಕೊಂಡಿದ್ದಾಳೆ. ದುಡ್ಡು ಕೇಳ್ತಾರೆ ಅಂತ ಭಯ." ನಾನು ಅವರ ಮನೆಗೆ ಹೋದೆ. ಅವಳ ಅಮ್ಮಿ ಚಹಾ ಮಾಡಿದರು. ಕೆಟ್ಟದ್ದು ನಮ್ಮ ಕೆಲಸ, ನಿನ್ನದಲ್ಲ ಎಂದು ನಾನು ಹೇಳಿದರೆ ಹುಡುಗಿ ನಂಬಲಿಲ್ಲ. "ತಪ್ಪು ಪದ ಬರೆದವಳು ನಾನೇ ಅಲ್ವಾ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ದಾದಿಯ ಒಂದು ಮಾತು ಅರ್ಥವಾಗಲಿಲ್ಲವೆಂದು ನಾನು ಕಚೇರಿ ಬಿಟ್ಟು ಓಡಿದ್ದರೆ ತಪ್ಪು ಯಾರದ್ದಾಗುತ್ತಿತ್ತು ಎಂದು ದಾರಿಯಲ್ಲಿ ಬರುವಾಗ ಯೋಚಿಸಿದೆ. ಕೂಡಿಸುವುದು, ಗುಣಿಸುವುದು ಯಾವ ಅಗ್ಗದ ಕ್ಯಾಲ್ಕುಲೇಟರಿಗೂ ಬರುತ್ತದೆ. ತಪ್ಪು ಸಾಲು ಬಂದ ಮೇಲೂ ಅಲ್ಲೇ ಕೂತಿದ್ದು, ಮೊದಲಿನದ್ದನ್ನೆಲ್ಲ ಜೋಪಾನವಾಗಿಟ್ಟುಕೊಂಡು, ಮುಂದಿನ ಸಾಲಿಗೆ ಕಾಯುವುದನ್ನು ನಾವು ಕಟ್ಟಿಯೇ ಇರಲಿಲ್ಲ. "ಮುಂದಿನ ಚೀಟಿ!" ಎನ್ನುವ ಹುಡುಗನನ್ನು ಮೊದಲ ತಪ್ಪಿಗೇ ಮನೆಗೆ ಕಳಿಸಿಬಿಟ್ಟಿದ್ದೆವು.

ತಿದ್ದುವುದು ಕಷ್ಟವಿರಲಿಲ್ಲ. ಪೈಥಾನಿನಲ್ಲಿ 'ಟ್ರೈ' ಮತ್ತು 'ಎಕ್ಸೆಪ್ಟ್' ಎಂಬ ಜೋಡಿ ಇದೆ: ಈ ಕೆಲಸ ಮಾಡಿ ನೋಡು, ಎಡವಿದರೆ ಇಲ್ಲಿಗೆ ಬಾ ಎಂದು ಅರ್ಥ. ಅದನ್ನು ಸುತ್ತಿನ ಒಳಗೆ ಇಡಬೇಕು. ಸುತ್ತಿನ ಹೊರಗೆ ಇಟ್ಟರೆ ತಪ್ಪೇನೋ ಸಿಗುತ್ತದೆ, ಆದರೆ ಸುತ್ತು ಮುಗಿದುಹೋಗಿರುತ್ತದೆ. ನಮ್ಮ ಹುಡುಗ ಮೊದಲು ಹೊರಗೇ ಇಟ್ಟಿದ್ದ. ಇನ್ನೊಂದು ಸೂಕ್ಷ್ಮ: ಸಾಲಿನ ಮಧ್ಯದಲ್ಲಿ ತಪ್ಪಾದರೆ ಅರ್ಧ ಲೆಕ್ಕದ ಚೀಟಿಗಳು ಅಟ್ಟಿಯ ಮೇಲೆ ಉಳಿಯುತ್ತವೆ, ಮುಂದಿನ ಸಾಲಿನ ಉತ್ತರವನ್ನು ಕೆಡಿಸುತ್ತವೆ. ಆದ್ದರಿಂದ ಪ್ರತಿ ಸಾಲಿಗೂ ಮುಂಚೆ ಅಟ್ಟಿಯ ಒಂದು ನಕಲು ತೆಗೆದಿಟ್ಟು, ತಪ್ಪಾದರೆ ಆ ನಕಲಿಗೇ ಮರಳಬೇಕು.

ಹುಡುಗಿಯನ್ನು ಮತ್ತೆ ಕರೆತಂದೆ. ಕೂತಳು, ಬೇಕೆಂದೇ ತಪ್ಪು ಪದ ಬರೆದಳು. ಯಂತ್ರ ಹೀಗೆ ಹೇಳಿತು: "ತಪ್ಪು. ಮನೆಯಿಂದ ಓದಿಕೊಂಡು ಬಾ."

ಕೋಣೆಯಲ್ಲಿ ನಗು. ಬರೆದ ಹುಡುಗನನ್ನು ಇದು ಎಲ್ಲಿಂದ ಬಂತು ಎಂದು ಕೇಳಿದೆ. ಅವನಿಗೆ ಸಂಕೋಚವೂ ಇರಲಿಲ್ಲ. "ನೀವೇ ಹೇಳ್ತೀರಲ್ಲ ಟೀಚರ್" ಎಂದ. ಹೌದು, ನಾನು ಹೇಳುತ್ತೇನೆ. ಹನ್ನೊಂದು ವರ್ಷದಿಂದ ಹೇಳುತ್ತಿದ್ದೇನೆ. ಪರದೆಯ ಮೇಲೆ ಅಚ್ಚಾಗಿ ನೋಡಿದ್ದು ಅದೇ ಮೊದಲು.

ವಿಷಯ ಅಷ್ಟಕ್ಕೇ ಮುಗಿಯಲಿಲ್ಲ. ಆ ಹುಡುಗ ಎಲ್ಲ ಬಗೆಯ ತಪ್ಪಿಗೂ ಒಂದೇ 'ಎಕ್ಸೆಪ್ಟ್', ಒಂದೇ ಉತ್ತರ ಇಟ್ಟಿದ್ದ. ಮಧ್ಯಾಹ್ನ ಒಬ್ಬ ಪುಟ್ಟವನು "7 ತೋರಿಸು" ಎಂದು ಸರಿಯಾಗಿಯೇ ಬರೆದರೂ "ತಪ್ಪು, ಓದಿಕೊಂಡು ಬಾ" ಎಂದಿತು. ಹುಡುಕಿದರೆ, 'ತೋರಿಸು' ಭಾಗವನ್ನು ತಿದ್ದುವಾಗ ನಾನೇ ಒಂದು ಹೆಸರಿನ ಕಾಗುಣಿತ ತಪ್ಪಿಸಿದ್ದೆ. ತಪ್ಪು ಕಟ್ಟಿದವಳದ್ದು, ಬೈಸಿಕೊಂಡದ್ದು ಮಗು! ಪ್ರೋಗ್ರಾಂ ಬರೆಯುವ ವಿದ್ಯಾರ್ಥಿಗಳು ಇಲ್ಲಿ ಗಮನ ಕೊಡಬೇಕು. ಬಳಸುವವರ ತಪ್ಪು ಬೇರೆ, ನಿಮ್ಮ ತಪ್ಪು ಬೇರೆ. ಎರಡನ್ನೂ ಒಂದೇ ಬಲೆಯಲ್ಲಿ ಹಿಡಿದರೆ ನಿಮ್ಮದು ನಿಮಗೆ ಎಂದೂ ಕಾಣುವುದಿಲ್ಲ.

ಈಗ ಉತ್ತರಗಳು ಬೇರೆ ಬೇರೆ ಇವೆ. ಅಟ್ಟಿಯಲ್ಲಿ ಒಂದೇ ಅಂಕಿ ಇದ್ದು 'ಕೂಡಿಸು' ಎಂದರೆ, "ಕೂಡಿಸಲು ಎರಡು ಅಂಕಿ ಬೇಕು, ಒಂದೇ ಇದೆ" ಎನ್ನುತ್ತದೆ. ಸೊನ್ನೆಯಿಂದ ಭಾಗಿಸಲು ಹೋದರೆ ಅದನ್ನೇ ಹೇಳುತ್ತದೆ. ಗೊತ್ತಿಲ್ಲದ ಪದಕ್ಕೆ "'ಗುಣ್ಸು' ನನಗೆ ಗೊತ್ತಿಲ್ಲ. 'ಗುಣಿಸು' ಎಂದಿರಬಹುದೇ?" ಎಂದು ಕೇಳುತ್ತದೆ. ಮಕ್ಕಳು ಆಡಿದಂತೆಯೇ ಬರೆಯುತ್ತಾರಲ್ಲ. ಹತ್ತಿರದ ಪದ ಹುಡುಕಿಕೊಡುವ 'ಡಿಫ್‌ಲಿಬ್' ಎಂಬ ಸಲಕರಣೆ ಪೈಥಾನಿನ ಜೊತೆಗೇ ಬರುತ್ತದೆ. 2021ರಲ್ಲಿ ಬಂದ ಪೈಥಾನ್ 3.10 ಕೂಡ ಹೆಸರು ತಪ್ಪಿದಾಗ ಹೀಗೇ ಕೇಳುತ್ತದೆ ಎಂದು ಆಮೇಲೆ ತಿಳಿಯಿತು. ಇವು ಯಾವುವೂ ಅಲ್ಲದ ತಪ್ಪಾದರೆ, "ಕ್ಷಮಿಸಿ, ನನ್ನೊಳಗೆ ಏನೋ ಕೆಟ್ಟಿದೆ. ಟೀಚರಿಗೆ ತೋರಿಸಿ" ಎನ್ನುತ್ತದೆ.

ಆ ಹುಡುಗಿಗೆ ನಾವು ಕೊಟ್ಟ ಕೆಲಸ ಯಂತ್ರವನ್ನು ಕೆಡಿಸುವುದು. ಬಹಳ ಚೆನ್ನಾಗಿ ಮಾಡುತ್ತಾಳೆ. ಖಾಲಿ ಸಾಲು ಕೊಟ್ಟಳು. "ಜಕಾತ್ ಎಂದರೆ ಝಕಾತ್", "ಝಕಾತ್ ಎಂದರೆ ಜಕಾತ್" ಎಂದು ಒಂದರ ಅರ್ಥವನ್ನು ಇನ್ನೊಂದಕ್ಕೆ ಕಟ್ಟಿದಳು. ಸುತ್ತಿ ಸುತ್ತಿ ಸುಮಾರು ಒಂದು ಸಾವಿರ ಹಂತ ಇಳಿದ ಮೇಲೆ ಪೈಥಾನೇ ಕೈಚೆಲ್ಲಿತು. ಒಂದು ದಿನ 'ಝಕಾತ್' ಎಂದು ಸರಿಯಾಗಿ ಬರೆದರೂ ಗೊತ್ತಿಲ್ಲ ಎಂದಿತು. ಇದು ನಮ್ಮನ್ನು ಇಡೀ ದಿನ ಕಾಡಿತು. ನಾವು 'ಕನ್ನಡ' ಎಂಬುದರಲ್ಲಿ ಮೂರು ಅಕ್ಷರ ಎಣಿಸುತ್ತೇವೆ, ಪೈಥಾನ್ ಐದು ಎಣಿಸುತ್ತದೆ: ಕ, ನ, ಅರ್ಧಾಕ್ಷರದ ಗುರುತು, ಇನ್ನೊಂದು ನ, ಡ. ಇದರ ಜೊತೆಗೆ ಕಣ್ಣಿಗೆ ಕಾಣದ ಒಂದು ಗುರುತೂ ಇದೆ. "ಝಕಾತ್‌ಗೆ" ಎಂದು ಬರೆಯುವಾಗ ಗಕಾರ ಒತ್ತಾಗದಿರಲಿ ಎಂದು ನಡುವೆ ಹಾಕುವ ಗುರುತು ಅದು. ಅವಳ ಬೆರಳು ಅಭ್ಯಾಸಬಲದಿಂದ ಪದದ ಕೊನೆಗೆ ಅದನ್ನು ಒತ್ತಿತ್ತು. ನಮಗೆ ಎರಡೂ ಒಂದೇ ಪದ, ಯಂತ್ರಕ್ಕೆ ಎರಡು. ಓದುವ ಹಂತದಲ್ಲೇ ಆ ಗುರುತನ್ನು ತೆಗೆದುಹಾಕಿ ಸರಿಮಾಡಿದೆವು.

ಉರ್ದು ಲಿಪಿಯ ಆವೃತ್ತಿ ಇನ್ನೂ ಮುಗಿದಿಲ್ಲ. ಪದಗಳು ಬಲದಿಂದ ಎಡಕ್ಕೆ, ಅಂಕಿಗಳು ಎಡದಿಂದ ಬಲಕ್ಕೆ. ಒಂದೇ ಸಾಲಿನಲ್ಲಿ ಎರಡೂ ಬಂದರೆ ಟೈಪ್ ಮಾಡಿದ ಕ್ರಮ ಒಂದು, ಪರದೆಯ ಮೇಲೆ ಕಾಣುವ ಕ್ರಮ ಇನ್ನೊಂದು. ಯಂತ್ರ ಟೈಪ್ ಮಾಡಿದ ಕ್ರಮದಲ್ಲೇ ಸರಿಯಾಗಿ ಓದುತ್ತದೆ; ಓದಲಾಗದೆ ಗಾಬರಿಯಾಗುವವರು ನಾವು. ಉರ್ದು ಮಾಧ್ಯಮದ ಮಕ್ಕಳಿಗೆ ಇದನ್ನು ಕೊಡದೆ ಬಿಡಬಾರದು ಎಂದು ನನ್ನ ಆಸೆ. ಸಭೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವವರು ಇದ್ದೀರಿ. ಒಂದು ಭಾನುವಾರ ಬನ್ನಿ.

ಪದಗಳನ್ನು ಕಡತದಲ್ಲಿ ಉಳಿಸುವ ಭಾಗವನ್ನು ಆ ಹುಡುಗಿಯೇ ಬರೆದಳು. ಪ್ರತಿ 'ಎಂದರೆ' ಸಾಲನ್ನೂ ಒಂದು ಕಡತಕ್ಕೆ ಸೇರಿಸುತ್ತಾ ಹೋಗುವುದು, ಮರುದಿನ ಯಂತ್ರ ತೆರೆದ ಕೂಡಲೇ ಆ ಸಾಲುಗಳನ್ನು ಮತ್ತೆ ಓದಿಸುವುದು. ಕರೆಂಟ್ ಹೋದರೂ ಅಂಗಡಿಯ ದರಗಳು ಉಳಿಯುತ್ತವೆ. ಅಕ್ಕಿಯ ದರವನ್ನು ಎರಡು ಸಲ ಬದಲಿಸಿದ್ದಾಳೆ. ಹಳೆಯ ಸಾಲನ್ನು ಅಳಿಸಿಲ್ಲ, ಕೊನೆಯದ್ದೇ ಲೆಕ್ಕಕ್ಕೆ ಬರುತ್ತದೆ.

ಊಟವಾದ ಮೇಲೆ ಪಕ್ಕದ ಕೊಠಡಿಯಲ್ಲಿ ಯಂತ್ರ ತೆರೆದಿರುತ್ತದೆ, ಆ ಮಕ್ಕಳೂ ಅಲ್ಲೇ ಇರುತ್ತಾರೆ. ಒಂದು ಪದ ಸೇರಿಸಿ ನೋಡಿ, ತಪ್ಪಾಗಿಯೂ ಬರೆದು ನೋಡಿ. ಮುಗಿದ ಮೇಲೆ 'ಸಾಕು' ಎಂದು ಬರೆದು ಏಳಿ. ಹಾಗೆಯೇ ಕಿಟಕಿ ಮುಚ್ಚಿ ಹೋಗಬೇಡಿ, ಮಕ್ಕಳಿಗೆ ಅದು ಇಷ್ಟವಾಗುವುದಿಲ್ಲ.